ಸಾಹಿತ್ಯ, ಜನಪ್ರಿಯ ಸಂಸ್ಕೃತಿ, ಲಿಂಗತ್ವ: ನಿಮ್ಮ ಪ್ರಬಂಧ ಯಾವ ಸಮ್ಮೇಳನಕ್ಕೆ ಹೋಗಬೇಕು?

ಸಂಶೋಧಕರ ವಾಟ್ಸಾಪ್ ಗುಂಪಿಗೆ ಬರುವ ಬ್ರೋಶರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಎಲ್ಲವೂ ಒಂದೇ ಅಚ್ಚಿನವು. ಶೀರ್ಷಿಕೆಯಲ್ಲಿ ಸಾಹಿತ್ಯ, ಸಂಸ್ಕೃತಿ, ಲಿಂಗತ್ವ, ಅಸ್ಮಿತೆ ಎಂಬ ನಾಲ್ಕು ಪದ, ಕೆಳಗೆ ಮೂವತ್ತು ಉಪವಿಷಯ, ಕೊನೆಯ ಸಾಲಿನಲ್ಲಿ "ಮತ್ತು ಸಂಬಂಧಿಸಿದ ಇತರೆ ವಿಷಯಗಳು". ಮೂವತ್ತು ಉಪವಿಷಯ ಇರುವ ಕಡೆ ನಿಮ್ಮ ವಿಷಯಕ್ಕೂ ಜಾಗ ಸಿಗುವುದು ಖಚಿತ. ಆದರೆ ಅದನ್ನು ಕೇಳಿಸಿಕೊಂಡು ಸರಿಯಾದ ಪ್ರಶ್ನೆ ಹಾಕುವವರು ಅಲ್ಲಿರುತ್ತಾರೆಯೇ ಎಂಬುದು ಬೇರೆ ಮಾತು. ಪ್ರಶ್ನೋತ್ತರದ ಹೊತ್ತಿನಲ್ಲಿ ಎದುರಿಗೆ ಯಾರು ಕೂತಿರುತ್ತಾರೆ, ಅವರಿಗೆ ಎಷ್ಟು ನಿಮಿಷ ಸಿಗುತ್ತದೆ ಎಂಬುದನ್ನೇ ಇಲ್ಲಿ ಆಯ್ಕೆಯ ಅಳತೆಗೋಲಾಗಿ ಹಿಡಿದಿದ್ದೇವೆ. "ಅಂತರರಾಷ್ಟ್ರೀಯ" ಎಂಬ ವಿಶೇಷಣ ಆಮೇಲಿನದು.

ಹೋಲಿಕೆಗೆ ಅನುಕೂಲವಾಗಲೆಂದು ಒಂದೇ ಪ್ರಬಂಧವನ್ನು ಕೊನೆಯವರೆಗೂ ಜೊತೆಗೆ ಇಟ್ಟುಕೊಳ್ಳೋಣ. ಯಕ್ಷಗಾನದ ಸ್ತ್ರೀವೇಷ, ಅಂದರೆ ಗಂಡಸರು ಮಾಡುವ ಹೆಣ್ಣುಪಾತ್ರ. ಇದರಲ್ಲಿ ಸಾಹಿತ್ಯವಿದೆ (ಪ್ರಸಂಗ), ಜನಪ್ರಿಯ ಸಂಸ್ಕೃತಿ ಇದೆ (ಮೇಳ, ಟಿಕೆಟ್, ಯೂಟ್ಯೂಬ್), ಲಿಂಗತ್ವವಂತೂ ಇದ್ದೇ ಇದೆ. ಇಂಥ ಪ್ರಬಂಧ ಎಲ್ಲ ಕಡೆಯೂ ಸಲ್ಲುವಂತೆ ಕಾಣುತ್ತದೆ, ಎಡವುವುದೂ ಅಲ್ಲೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ

ಸಾಹಿತ್ಯ ಸಮ್ಮೇಳನ ಬೇರೆ, ವಿಚಾರ ಸಂಕಿರಣ ಬೇರೆ. 1915ರಿಂದ ನಡೆದುಬಂದಿರುವ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲೂ (87ನೆಯದು 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆಯಿತು) ಮಹಿಳಾ ಗೋಷ್ಠಿ, ಸಿನಿಮಾ ಗೋಷ್ಠಿ ಇರುತ್ತವೆ. ಆದರೆ ಅಲ್ಲಿ ಮಾತನಾಡುವವರನ್ನು ಆಹ್ವಾನಿಸುತ್ತಾರೆ, ಪ್ರಬಂಧಕ್ಕೆ ಬಹಿರಂಗ ಕರೆ ಇರುವುದಿಲ್ಲ. ಸಾಹಿತ್ಯ ಅಕಾಡೆಮಿಗಳ ವಿಚಾರ ಸಂಕಿರಣಗಳೂ ಬಹುಮಟ್ಟಿಗೆ ಹೀಗೆಯೇ. ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರಕ್ಕೆ ಹೋಗಬೇಕಾದದ್ದು ಕೇಳುವುದಕ್ಕೆ, ಚರ್ಚಿಸುವುದಕ್ಕೆ. ಪ್ರಬಂಧ ಮಂಡಿಸಿದ ಪ್ರಮಾಣಪತ್ರಕ್ಕಲ್ಲ. ಸಂಶೋಧನೆಯ ಮೊದಲ ವರ್ಷದಲ್ಲಿ ಇರುವವರಿಗೆ ಮೂರು ಕಳಪೆ ಸಂಕಿರಣಗಳಿಗಿಂತ ಇಂಥ ಒಂದು ಶಿಬಿರ ಹೆಚ್ಚು ಕೊಡುತ್ತದೆ. ಪದೋನ್ನತಿಯ ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಮ್ ಇಲ್ಲ, ಅಷ್ಟೇ.

ನಮ್ಮೂರ ಒಂದು ದಿನದ ಸಂಕಿರಣ: ನಿಮಿಷದ ಲೆಕ್ಕ ಹಾಕಿ

ಪದವಿ ಕಾಲೇಜುಗಳ ಒಂದು ದಿನದ ರಾಷ್ಟ್ರೀಯ ವಿಚಾರ ಸಂಕಿರಣದ ದಿನಚರಿ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಬ್ರೋಶರಿನಲ್ಲಿ ಉದ್ಘಾಟನೆ 10 ಗಂಟೆಗೆ, ನಡೆಯುವುದು 11ರ ಮೇಲೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗಿಸುವುದು, ಆಶಯ ಭಾಷಣ, ಪುಸ್ತಕ ಬಿಡುಗಡೆ, ಸನ್ಮಾನ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಅಷ್ಟರಲ್ಲಿ 1 ಗಂಟೆ. ಸಂಪನ್ಮೂಲ ವ್ಯಕ್ತಿಗಳ ಎರಡು ಉಪನ್ಯಾಸಗಳಲ್ಲಿ ಒಂದು ಊಟಕ್ಕೆ ಮೊದಲು, ಇನ್ನೊಂದು ಊಟದ ನಂತರ. ಪ್ರಬಂಧ ಮಂಡನೆಗೆ ಉಳಿಯುವುದು 3ರಿಂದ 4:30ರವರೆಗಿನ ತೊಂಬತ್ತು ನಿಮಿಷ. ಒಂದು ಕೊಠಡಿಗೆ ಹದಿನೆಂಟು ಪ್ರಬಂಧ ಹಾಕಿದ್ದರೆ ತಲೆಗೆ ಐದು ನಿಮಿಷ. ಪ್ರಶ್ನೆಗೆ ಸೊನ್ನೆ. ದೂರದೂರಿನವರು ಬಸ್ಸು ಹಿಡಿಯುವ ಅವಸರದಲ್ಲಿ "ಸರ್, ನನ್ನದು ಮೊದಲು ಮುಗಿಸಿಬಿಡ್ತೀನಿ" ಎನ್ನುತ್ತಾರೆ, ಮುಗಿಸಿ ಎದ್ದು ಹೋಗುತ್ತಾರೆ. ಕೊನೆಯವರು ಓದುವಾಗ ಎದುರಿಗೆ ಇರುವುದು ಗೋಷ್ಠಿಯ ಅಧ್ಯಕ್ಷರು ಮತ್ತು ಪ್ರಮಾಣಪತ್ರ ಹಂಚುವ ವಿದ್ಯಾರ್ಥಿ.

ಈ ಲೆಕ್ಕವನ್ನು ಹಣ ಕಟ್ಟುವ ಮೊದಲೇ ಹಾಕಬಹುದು. ಸಂಚಾಲಕರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ಎಷ್ಟು ಪ್ರಬಂಧ ಒಪ್ಪಿದ್ದೀರಿ, ಎಷ್ಟು ಕೊಠಡಿ, ಮಂಡನೆಗೆ ಒಟ್ಟು ಎಷ್ಟು ಗಂಟೆ. ಭಾಗಿಸಿದಾಗ ಚರ್ಚೆಯೂ ಸೇರಿ ತಲೆಗೆ ಹದಿನೈದು ನಿಮಿಷಕ್ಕಿಂತ ಕಡಿಮೆ ಬಂದರೆ ಅದು ಪ್ರಮಾಣಪತ್ರದ ಸಂಕಿರಣ. ಎಷ್ಟು ಪ್ರಬಂಧ ಎಂಬುದಕ್ಕೇ ಉತ್ತರ ಬಾರದಿದ್ದರೆ, "ಬಂದದ್ದನ್ನೆಲ್ಲ ಒಪ್ಪುತ್ತಿದ್ದೇವೆ" ಎಂದು ಅರ್ಥ. ಕಾಲೇಜಿಗೆ ನ್ಯಾಕ್ (ಗುಣಮಟ್ಟ ಅಳೆದು ಶ್ರೇಣಿ ಕೊಡುವ ರಾಷ್ಟ್ರೀಯ ಸಂಸ್ಥೆ) ತಂಡ ಬರುವ ವರ್ಷದಲ್ಲಿ ಇಂಥವು ಅಣಬೆಯಂತೆ ಏಳುತ್ತವೆ. ಸಂಕಿರಣಗಳ ಸಂಖ್ಯೆ ವರದಿಯಲ್ಲಿ ಕಾಣಿಸಬೇಕಲ್ಲ.

ಹಾಗೆಂದು ಕನ್ನಡದ ಸಂಕಿರಣಗಳನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಡಿ. 1991ರಲ್ಲಿ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಧಾರವಾಡದ ಕನ್ನಡ ಅಧ್ಯಯನ ಪೀಠ: ಇಂಥ ಕಡೆ ಒಂದೇ ವಿಷಯಕ್ಕೆ ಕಟ್ಟುಬಿದ್ದು ಎರಡು ದಿನ ನಡೆಯುವ ಸಂಕಿರಣ ಸಿಕ್ಕರೆ ಬಿಡಬಾರದು. ಸ್ತ್ರೀವೇಷದ ಪ್ರಬಂಧವನ್ನು ಅಲ್ಲಿ ಓದುವಾಗ "ಯಕ್ಷಗಾನವೆಂದರೆ ಏನು" ಎಂದು ಐದು ನಿಮಿಷ ಖರ್ಚು ಮಾಡಬೇಕಿಲ್ಲ. ಬಡಗುತಿಟ್ಟೋ ತೆಂಕುತಿಟ್ಟೋ (ಉತ್ತರದ ಶೈಲಿಯೋ ದಕ್ಷಿಣದ್ದೋ), ಯಾವ ಮೇಳ, ಯಾವ ದಶಕ, ಆ ಪ್ರಸಂಗದಲ್ಲಿ ಆ ಪದ್ಯ ನಿಜಕ್ಕೂ ಇದೆಯೇ ಎಂಬ ಮಟ್ಟದ ಪ್ರಶ್ನೆ ಬರುತ್ತದೆ. ವಸ್ತುವಿನಲ್ಲಿ ತಪ್ಪಿದ್ದರೆ ಹಿಡಿಯುವವರು ಇವರೇ. ವಿದೇಶದ ಕೊಠಡಿಯಲ್ಲಿ ಆ ತಪ್ಪು ಯಾರ ಕಣ್ಣಿಗೂ ಬೀಳದೆ ಪ್ರಬಂಧದ ಜೊತೆಗೇ ಅಚ್ಚಾಗಿಬಿಡುತ್ತದೆ. ಕರ್ನಾಟಕದ ವಸ್ತುವಿನ ಮೇಲೆ ಕೆಲಸ ಮಾಡುವವರು ಹೊರಗೆ ಹೋಗುವ ಮೊದಲು ಒಮ್ಮೆಯಾದರೂ ಕನ್ನಡದಲ್ಲಿ ಮಂಡಿಸಬೇಕು ಎನ್ನುವುದು ಇದಕ್ಕೇ. ಅಲ್ಲಿ ಕಡಿಮೆ ಸಿಗುವುದು ಸಿದ್ಧಾಂತದ ಕಡೆಯಿಂದ ಬರುವ ತಕರಾರು. ಅದಕ್ಕೆ ಬೇರೆ ಬಾಗಿಲು ತಟ್ಟಬೇಕು.

ಅಂಕದ ಮಾತು

ಅಧ್ಯಾಪಕರ ಪದೋನ್ನತಿಗೆ ಎಣಿಸುವ ಸಂಶೋಧನಾ ಅಂಕ ಬೇಡ ಎನ್ನುವ ಸ್ಥಿತಿಯಲ್ಲಿ ಬಹಳ ಜನ ಇಲ್ಲ, ಆದ್ದರಿಂದ ಲೆಕ್ಕ ತಿಳಿದಿರಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮಾವಳಿಯ ಪಟ್ಟಿಯಲ್ಲಿ ಪ್ರಬಂಧ ಮಂಡನೆಗೆ ವಿದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವಾದರೆ 7, ದೇಶದೊಳಗಿನ ಅಂತರರಾಷ್ಟ್ರೀಯಕ್ಕೆ 5, ರಾಷ್ಟ್ರೀಯಕ್ಕೆ 3, ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟಕ್ಕೆ 2. ಭಾಷೆ ಮತ್ತು ಮಾನವಿಕ ವಿಭಾಗದವರಿಗೆ ವಿದ್ವತ್ ಪತ್ರಿಕೆಯ ಒಂದು ಲೇಖನಕ್ಕೆ 10. ಇದರ ಮೇಲೆ ಇನ್ನೊಂದು ಬೀಗವಿದೆ: ಉಪನ್ಯಾಸ, ಮಂಡನೆ, ನೀತಿ ದಾಖಲೆಗಳಿಂದ ಬರುವ ಅಂಕ ಒಟ್ಟು ಸಂಶೋಧನಾ ಅಂಕದ ಶೇ. 30 ದಾಟುವಂತಿಲ್ಲ. ಹತ್ತು ಸಂಕಿರಣ ಸುತ್ತಿ ಒಂದೂ ಲೇಖನ ಬರೆಯದವರು ಪದೋನ್ನತಿಯ ಕಡತದಲ್ಲಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಮಂಡಿಸಿದ ಪ್ರಬಂಧವೇ ನಡಾವಳಿ ಸಂಪುಟದಲ್ಲಿ (ಸಂಕಿರಣದ ಪ್ರಬಂಧಗಳ ಪುಸ್ತಕದಲ್ಲಿ) ಪೂರ್ತಿಯಾಗಿ ಅಚ್ಚಾದರೂ ಒಂದೇ ಸಲ ಲೆಕ್ಕ.

ಪಿಎಚ್.ಡಿ. ವಿದ್ಯಾರ್ಥಿಗಳಿಗೆ: ಎರಡು ಮಂಡನೆ ಮತ್ತು ಒಂದು ಪ್ರಕಟಿತ ಲೇಖನ ಕಡ್ಡಾಯ ಎಂದಿದ್ದದ್ದು 2016ರ ನಿಯಮ. 2022ರ ನವೆಂಬರಿನ ಹೊಸ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿತು. ಆದರೆ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟುಕೊಂಡಿರಬಹುದು, ನಿಮ್ಮ ನೋಂದಣಿ ವರ್ಷಕ್ಕೆ ಅನ್ವಯಿಸುವ ಸುತ್ತೋಲೆ ನೋಡಿ. ಹಾಗೆಯೇ "ಆಯ್ದ ಪ್ರಬಂಧಗಳನ್ನು ಯುಜಿಸಿ ಕೇರ್ ಪಟ್ಟಿಯ ಪತ್ರಿಕೆಯಲ್ಲಿ ಪ್ರಕಟಿಸಲಾಗುವುದು" ಎಂದು ಈಗಲೂ ಅಚ್ಚು ಹಾಕುವ ಬ್ರೋಶರುಗಳಿವೆ. ಮಾನ್ಯ ಪತ್ರಿಕೆಗಳ ಈ ಕೇರ್ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲಿ ಅಧಿಕೃತವಾಗಿ ನಿಲ್ಲಿಸಿದೆ. ಆ ಸಾಲು ಕಂಡರೆ ಸಂಘಟಕರು ಹಳೆಯ ಬ್ರೋಶರನ್ನೇ ತಿದ್ದಿದ್ದಾರೆ ಎಂದುಕೊಳ್ಳಿ, ಅಥವಾ ಬೇಕೆಂದೇ ಆಸೆ ಹುಟ್ಟಿಸುತ್ತಿದ್ದಾರೆ.

ಐಎಸ್‌ಬಿಎನ್ ಸಂಪುಟದ ಬಲೆ ಇನ್ನೂ ಸೂಕ್ಷ್ಮ. ಸಂಕಿರಣದ ದಿನವೇ ಬಿಡುಗಡೆ ಮಾಡಬೇಕೆಂದು ಪೂರ್ಣ ಪ್ರಬಂಧವನ್ನು ಇಪ್ಪತ್ತು ದಿನ ಮೊದಲೇ ಕೇಳುತ್ತಾರೆ. ಅಂದರೆ ಚರ್ಚೆ ನಡೆಯುವ ಮೊದಲೇ ಬರಹ ಅಚ್ಚಾಯಿತು, ಮಂಡನೆಯ ಉದ್ದೇಶವೇ ಮುಗಿಯಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಒಮ್ಮೆ ಅಚ್ಚಾದದ್ದನ್ನು ಒಳ್ಳೆಯ ಪತ್ರಿಕೆ ಮುಟ್ಟುವುದಿಲ್ಲ. ಪ್ರಬಂಧದ ತಿರುಳನ್ನು ಸಂಪುಟಕ್ಕೆ ಕೊಡಬೇಡಿ. ಸಾರಲೇಖ (ಪ್ರಬಂಧದ ಸಂಕ್ಷಿಪ್ತ ಸಾರ) ಮಾತ್ರ ಕೊಡುತ್ತೇನೆ ಎಂದು ಕೇಳಿ, ಎಷ್ಟೋ ಕಡೆ ಒಪ್ಪುತ್ತಾರೆ.

ದೇಶದ ಸಂಘಗಳು

ಕಾಲೇಜಿನ ಸಂಕಿರಣಕ್ಕೂ ಸಂಘದ ವಾರ್ಷಿಕ ಸಮ್ಮೇಳನಕ್ಕೂ ಮುಖ್ಯ ವ್ಯತ್ಯಾಸ ನೆನಪಿನದು. ಸಂಘದಲ್ಲಿ ಪ್ರತಿ ವರ್ಷ ಬರುವ ಮುಖಗಳಿರುತ್ತವೆ, ಕಳೆದ ವರ್ಷ ನೀವು ಏನು ಹೇಳಿದಿರಿ ಎಂದು ನೆನಪಿಟ್ಟುಕೊಂಡವರಿರುತ್ತಾರೆ.

ಇಂಗ್ಲಿಷಿನಲ್ಲಿ ಬರೆಯುವ ಸಾಹಿತ್ಯದ ವಿದ್ಯಾರ್ಥಿಗೆ ಮೊದಲು ಹೇಳಬೇಕಾದದ್ದು ಐಎಸಿಎಲ್‌ಎಎಲ್‌ಎಸ್, ಅಂದರೆ ಕಾಮನ್‌ವೆಲ್ತ್ ಸಾಹಿತ್ಯ ಮತ್ತು ಭಾಷಾ ಅಧ್ಯಯನದ ಭಾರತೀಯ ಸಂಘ. ವಾರ್ಷಿಕ ಸಮ್ಮೇಳನ ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಬೇರೆ ಬೇರೆ ಊರಿನಲ್ಲಿ ನಡೆಯುತ್ತದೆ, ಮಂಡಿಸಲು ಸದಸ್ಯತ್ವ ಬೇಕು. ಯುವ ಸಂಶೋಧಕರು ಮಂಡಿಸುವ ಪ್ರಬಂಧಗಳಲ್ಲಿ ಒಳ್ಳೆಯದಕ್ಕೆ ಸಿ.ಡಿ. ನರಸಿಂಹಯ್ಯನವರ ಹೆಸರಿನ ಬಹುಮಾನವಿದೆ. ಮೈಸೂರಿನಲ್ಲಿ ಧ್ವನ್ಯಾಲೋಕ ಎಂಬ ಸಾಹಿತ್ಯ ಅಧ್ಯಯನ ಕೇಂದ್ರ ಕಟ್ಟಿದವರು ಅವರೇ. ಬಹುಮಾನದ ಸ್ಪರ್ಧೆಗೆ ಪೂರ್ಣ ಪ್ರಬಂಧವನ್ನು ಮೊದಲೇ ಕೊಡಬೇಕಾಗುತ್ತದೆ. ಅದೊಂದು ನೆಪವಾಗಿ ಪ್ರಬಂಧ ಸಮಯಕ್ಕೆ ಮುಗಿಯುತ್ತದೆ ಎಂಬ ಲಾಭವೂ ಇದೆ. ಇಲ್ಲಿ ವಾರ್ಷಿಕ ವಿಷಯಕ್ಕೆ ಹೊಂದದ ಸಾರಲೇಖ ಉಳಿಯುವುದು ಕಷ್ಟ. ಸ್ತ್ರೀವೇಷದ ಪ್ರಬಂಧಕ್ಕೆ ಜಾಗ ಸಿಗಬೇಕಾದರೆ ಆ ವರ್ಷದ ವಿಷಯ ಪ್ರದರ್ಶನ, ದೇಹ, ಮೌಖಿಕತೆಯ ಕಡೆ ವಾಲಿರಬೇಕು.

ಭಾರತೀಯ ಮಹಿಳಾ ಅಧ್ಯಯನ ಸಂಘದ ಹುಟ್ಟಿಗೆ ಕಾರಣವೇ ಒಂದು ಸಮ್ಮೇಳನ. 1981ರಲ್ಲಿ ಮುಂಬೈಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಮೊದಲ ರಾಷ್ಟ್ರೀಯ ಮಹಿಳಾ ಅಧ್ಯಯನ ಸಮ್ಮೇಳನ ನಡೆಯಿತು, ಮರುವರ್ಷ ಸಂಘ ಸ್ಥಾಪನೆಯಾಯಿತು. ಇದು ಪ್ರತಿ ವರ್ಷ ನಡೆಯುವುದಿಲ್ಲ, ಎರಡು ಮೂರು ವರ್ಷಕ್ಕೊಮ್ಮೆ. ಸಾಹಿತ್ಯದವರು ಇಲ್ಲಿ ಅಲ್ಪಸಂಖ್ಯಾತರು. ಅರ್ಥಶಾಸ್ತ್ರ, ಕಾನೂನು, ಆರೋಗ್ಯ, ಕಾರ್ಮಿಕ ಚಳವಳಿಯವರು ಪಕ್ಕದಲ್ಲೇ ಕೂತಿರುತ್ತಾರೆ. ಸ್ತ್ರೀವೇಷದಲ್ಲಿ ನೀವು ಶೃಂಗಾರ ರಸ ನೋಡುತ್ತಿದ್ದರೆ ಇಲ್ಲಿ ಬರುವ ಪ್ರಶ್ನೆ: ಸಂಭಾವನೆ ಎಷ್ಟು, ಹೆಣ್ಣುಮಕ್ಕಳ ತಂಡಗಳಿಗೆ ರಾತ್ರಿ ಪ್ರದರ್ಶನ ಸಿಗುತ್ತದೆಯೇ, ಮೇಳದಲ್ಲಿ ಅವರಿಗೆ ಚೌಕಿ (ಬಣ್ಣದ ಮನೆ) ಎಲ್ಲಿ, ಶೌಚಾಲಯ ಎಲ್ಲಿ? ಉತ್ತರ ಇಲ್ಲದಿದ್ದರೆ ಪ್ರಬಂಧದಲ್ಲಿ ಒಂದು ಇಡೀ ಅಧ್ಯಾಯ ಬಾಕಿ ಇದೆ ಎಂದು ತಿಳಿಯುತ್ತದೆ. ಲಿಂಗತ್ವದ ಮೇಲೆ ಕೆಲಸ ಮಾಡುತ್ತ ಸಾಹಿತ್ಯ ವಿಭಾಗದ ಗೋಡೆಯೊಳಗೇ ಇರುವವರಿಗೆ ದೇಶದೊಳಗೆ ಇದಕ್ಕಿಂತ ಉಪಯುಕ್ತವಾದ ಜಾಗ ಇನ್ನೊಂದಿಲ್ಲ ಎಂದು ನಮ್ಮ ಅಭಿಪ್ರಾಯ.

ಭಾರತೀಯ ತೌಲನಿಕ ಸಾಹಿತ್ಯ ಸಂಘವೂ ಇದೆ. ಎರಡು ಭಾಷೆಗಳ ನಡುವೆ ಓಡಾಡುವ ಪ್ರಬಂಧವಾದರೆ, ಉದಾಹರಣೆಗೆ ಯಕ್ಷಗಾನದ ಸ್ತ್ರೀವೇಷವನ್ನು ಮರಾಠಿ ಸಂಗೀತ ನಾಟಕದ ಸ್ತ್ರೀಪಾತ್ರದ ಪಕ್ಕ ಇಡುವುದಾದರೆ, ಅದನ್ನು ನೋಡಿ. ಕನ್ನಡವೊಂದರಲ್ಲೇ ನಿಲ್ಲುವ ಪ್ರಬಂಧಕ್ಕೆ ಅಲ್ಲಿ ಬಲ ಸಿಗದು.

ಹೊರದೇಶ: ಐದು ಬಾಗಿಲು, ಐದು ಬಗೆಯ ಕೊಠಡಿ

ಎಂಎಲ್‌ಎ (ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ದೊಡ್ಡ ಹೆಸರು, 1883ರ ಸಂಸ್ಥೆ. ವಾರ್ಷಿಕ ಸಮಾವೇಶ ಹಿಂದೆ ಕ್ರಿಸ್‌ಮಸ್ ಮತ್ತು ಹೊಸವರ್ಷದ ನಡುವೆ ನಡೆಯುತ್ತಿತ್ತು, 2011ರಿಂದ ಜನವರಿಗೆ ಬಂದಿದೆ. ಒಂದು ಗೋಷ್ಠಿಗೆ 75 ನಿಮಿಷ, ಸಾಮಾನ್ಯವಾಗಿ ಮೂರೋ ನಾಲ್ಕೋ ಪ್ರಬಂಧ. ಮುಖ್ಯ ಸಂಗತಿ ಎಂದರೆ ಇಲ್ಲಿ ಒಂಟಿ ಪ್ರಬಂಧವನ್ನು ನೇರವಾಗಿ ಕಳಿಸುವ ದಾರಿ ಇಲ್ಲ. ಗೋಷ್ಠಿ ಕಟ್ಟುವವರು ಕರೆ ಹಾಕುತ್ತಾರೆ, ನೀವು ಅವರಿಗೆ ಮಾರ್ಚ್ ಸುಮಾರಿಗೆ ಸಾರಲೇಖ ಕಳಿಸುತ್ತೀರಿ, ಅವರು ಪೂರ್ತಿ ಗೋಷ್ಠಿಯನ್ನು ಸಮಿತಿಗೆ ಒಪ್ಪಿಸುತ್ತಾರೆ. ಎರಡು ಜರಡಿ. ದಕ್ಷಿಣ ಏಷ್ಯಾ ಮತ್ತು ಅದರ ವಲಸೆಯ ಸಾಹಿತ್ಯಕ್ಕೆಂದೇ ಅಲ್ಲೊಂದು ವೇದಿಕೆ ಇದೆ, ಕರೆಗಳನ್ನು ಅಲ್ಲಿ ಹುಡುಕಿ. ಇನ್ನೊಂದು ಅನುಕೂಲ: ಸೌತ್ ಏಷ್ಯನ್ ಲಿಟರರಿ ಅಸೋಸಿಯೇಷನ್ ತನ್ನ ಸಮ್ಮೇಳನವನ್ನು ಸಾಮಾನ್ಯವಾಗಿ ಎಂಎಲ್‌ಎಗೆ ತುಸು ಮೊದಲು ಅದೇ ಊರಿನಲ್ಲಿ ನಡೆಸುತ್ತದೆ. ಒಂದೇ ವಿಮಾನ ಟಿಕೆಟ್ಟಿನಲ್ಲಿ ಎರಡು. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಹೊಸಬರು ಚಿಕ್ಕದನ್ನು ಆರಿಸಲಿ. ಎಂಎಲ್‌ಎಯಲ್ಲಿ ಅದೇ ಹೊತ್ತಿಗೆ ಹತ್ತಾರು ಗೋಷ್ಠಿ ನಡೆಯುತ್ತಿರುತ್ತವೆ, ನಿಮ್ಮ ಕೊಠಡಿಗೆ ಎಂಟು ಜನ ಬಂದರೂ ಆಶ್ಚರ್ಯವಿಲ್ಲ.

ಅಮೆರಿಕದ ತೌಲನಿಕ ಸಾಹಿತ್ಯ ಸಂಘ ಎಸಿಎಲ್‌ಎ ಇದಕ್ಕೆ ವಿರುದ್ಧ. ಎಂಟರಿಂದ ಹನ್ನೆರಡು ಜನರ ಒಂದು ಗುಂಪು ಎರಡು ಅಥವಾ ಮೂರು ದಿನ ಒಂದೇ ವಿಷಯದ ಮೇಲೆ ಸೇರುತ್ತದೆ. ನಿಮ್ಮದನ್ನು ಓದಿ ಊರು ನೋಡಲು ಹೋಗುವಂತಿಲ್ಲ, ಉಳಿದವರದ್ದನ್ನೂ ಕೇಳಬೇಕು. ಮೂರನೆಯ ದಿನದ ಹೊತ್ತಿಗೆ ಮೊದಲ ದಿನದ ಪ್ರಬಂಧದ ಬಗ್ಗೆ ಎರಡನೆಯ ಸುತ್ತಿನ ಪ್ರಶ್ನೆ ಏಳುತ್ತದೆ. ಇಂಥ ಅವಕಾಶ ಬೇರೆ ಕಡೆ ಅಪರೂಪ. ಸ್ತ್ರೀವೇಷದ ಪ್ರಬಂಧವನ್ನು ಜಪಾನಿನ ಕಬುಕಿಯ ಒನ್ನಗತ, ಚೀನಾದ ಒಪೆರಾದ ದಾನ್ ಎಂಬ ಹೆಣ್ಣುಪಾತ್ರಗಳ ಮೇಲೆ ಕೆಲಸ ಮಾಡುವವರ ಜೊತೆ ಕೂರಿಸುವ ಸೆಮಿನಾರ್ ಸಿಕ್ಕರೆ ಕಣ್ಣುಮುಚ್ಚಿ ಹೋಗಬಹುದು. ಮೊದಲು ಸೆಮಿನಾರುಗಳ ಪಟ್ಟಿ ಬರುತ್ತದೆ, ಆಮೇಲೆ ನೀವು ಒಂದನ್ನು ಆರಿಸಿ ಸಾರಲೇಖ ಹಾಕಬೇಕು. ಪಟ್ಟಿ ತೆರೆದ ಕೂಡಲೇ ಸಂಘಟಕರಿಗೆ ನಾಲ್ಕು ಸಾಲಿನ ಮಿಂಚಂಚೆ ಬರೆದು ಹೊಂದುತ್ತದೆಯೇ ಎಂದು ಕೇಳುವುದು ಅಲ್ಲಿಯ ರೂಢಿ, ಅದನ್ನು ಯಾರೂ ವಶೀಲಿ ಎಂದುಕೊಳ್ಳುವುದಿಲ್ಲ.

ಪಾಪ್ಯುಲರ್ ಕಲ್ಚರ್ ಅಸೋಸಿಯೇಷನ್ ರೇ ಬ್ರೌನ್ ಅವರು ಅಮೆರಿಕದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಪರಂಪರೆ. ಕಾಮಿಕ್ಸ್, ಪ್ರಣಯ ಕಾದಂಬರಿ, ಅಭಿಮಾನಿ ಸಂಘಗಳು, ಅಡುಗೆ, ದೂರದರ್ಶನ, ಹೀಗೆ ಹತ್ತಾರು ಕ್ಷೇತ್ರಗಳಾಗಿ ಹಂಚಿದ್ದಾರೆ, ಪ್ರತಿ ಕ್ಷೇತ್ರಕ್ಕೂ ಒಬ್ಬ ಮುಖ್ಯಸ್ಥರು. ಒಂಟಿ ಪ್ರಬಂಧಕ್ಕೆ ಬಾಗಿಲು ತೆರೆದಿದೆ. ಸಮ್ಮೇಳನ ವಸಂತದಲ್ಲಿ, ಸಾರಲೇಖ ಅದರ ಹಿಂದಿನ ನವೆಂಬರ್ ಹೊತ್ತಿಗೆ. ಇಲ್ಲಿ ಆಯ್ಕೆಯ ಜಾಣ್ಮೆ ಎಂದರೆ ಸರಿಯಾದ ಕ್ಷೇತ್ರ ಹಿಡಿಯುವುದು. ಕನ್ನಡ ಸಿನಿಮಾ ನಟರ ಅಭಿಮಾನಿ ಸಂಘಗಳ ಕಟೌಟ್, ಹಾಲಿನ ಅಭಿಷೇಕದ ಕುರಿತ ಪ್ರಬಂಧವನ್ನು ಏಷ್ಯಾದ ಜನಪ್ರಿಯ ಸಂಸ್ಕೃತಿಯ ಕ್ಷೇತ್ರಕ್ಕೆ ಹಾಕಿದರೆ ವಿವರಣೆ ಕೊಡುವುದರಲ್ಲೇ ಸಮಯ ಹೋಗುತ್ತದೆ. ಅಭಿಮಾನಿ ಸಂಸ್ಕೃತಿಯ ಕ್ಷೇತ್ರಕ್ಕೆ ಹಾಕಿದರೆ ನೇರ ಚರ್ಚೆಗೆ ಇಳಿಯಬಹುದು. ಯಕ್ಷಗಾನಕ್ಕೆ ಇದು ಸರಿಯಾದ ಮನೆಯಲ್ಲ. ಯೂಟ್ಯೂಬಿನಲ್ಲಿ ತುಣುಕಾಗಿ ಓಡಾಡುವ ಯಕ್ಷಗಾನದ ಹಾಸ್ಯ ದೃಶ್ಯಗಳ ಮೇಲೆ ಬರೆದಿದ್ದರೆ ಮಾತ್ರ ಯೋಚಿಸಿ.

ಮ್ಯಾಡಿಸನ್ನಿನ ದಕ್ಷಿಣ ಏಷ್ಯಾ ಸಮ್ಮೇಳನ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ್ದು, ಅಕ್ಟೋಬರಿನಲ್ಲಿ. ಅಮೆರಿಕದಲ್ಲಿ ಕನ್ನಡ ಬಲ್ಲ ಸಂಶೋಧಕರು ಒಂದೇ ಸೂರಿನಡಿ ಸಿಗುವ ಸಾಧ್ಯತೆ ಹೆಚ್ಚಿರುವುದು ಇಲ್ಲಿ. ಮುಖ್ಯ ಸಮ್ಮೇಳನಕ್ಕೆ ಹಿಂದಿನ ದಿನದ ಪೂರ್ವಸಭೆಗಳಲ್ಲಿ ಸ್ತ್ರೀವಾದಿ ಚಿಂತನೆಗೆ ಮೀಸಲಾದದ್ದೂ ಇರುತ್ತದೆ. ಯುರೋಪಿನಲ್ಲಿ ಇದಕ್ಕೆ ಸಾಟಿ ಎಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಯುರೋಪಿಯನ್ ದಕ್ಷಿಣ ಏಷ್ಯಾ ಅಧ್ಯಯನ ಸಮ್ಮೇಳನ. 2023ರಲ್ಲಿ ಟುರಿನ್, 2025ರಲ್ಲಿ ಹೈಡೆಲ್‌ಬರ್ಗ್. ಮೊದಲು ಗೋಷ್ಠಿಗಳ ಆಯ್ಕೆ, ನಂತರ ಪ್ರಬಂಧಕ್ಕೆ ಕರೆ. ಕರಾವಳಿಯ ಪ್ರದರ್ಶನ ಕಲೆಗಳ ಮಟ್ಟಿಗೆ ಯುರೋಪು ಒಂದು ಕೈ ಮೇಲು ಎನ್ನಬಹುದು. ಜರ್ಮನಿಯಲ್ಲಿ ಹೈಡ್ರುನ್ ಬ್ರೂಕ್ನರ್ ಅವರು ತುಳುನಾಡಿನ ಪಾಡ್ದನ (ತುಳು ಕಥನಗೀತೆ), ಭೂತಾರಾಧನೆಗಳ ಮೇಲೆ ದೀರ್ಘ ಕಾಲ ಕೆಲಸ ಮಾಡಿದ್ದಾರೆ. ಆ ಓದಿನ ಹಿನ್ನೆಲೆಯಿರುವ ಕೇಳುಗರು ಸಿಕ್ಕರೆ ಸ್ತ್ರೀವೇಷದ ಪ್ರಬಂಧಕ್ಕೆ ಅದೇ ತಕ್ಕ ಕೊಠಡಿ.

ಇಷ್ಟರಲ್ಲಿ ನಮ್ಮ ಕ್ರಮ ಹೀಗೆ: ಸ್ತ್ರೀವೇಷದ ಪ್ರಬಂಧವನ್ನು ಮೊದಲು ಕನ್ನಡದ ಎರಡು ದಿನದ ಸಂಕಿರಣಕ್ಕೆ, ನಂತರ ಮಹಿಳಾ ಅಧ್ಯಯನ ಸಂಘಕ್ಕೆ, ಹಣ ಹೊಂದಿದರೆ ಯುರೋಪಿಗೆ ಅಥವಾ ಎಸಿಎಲ್‌ಎಗೆ. ಎಂಎಲ್‌ಎ ಕೊನೆಗೆ. ಯಾವ ಸಂಸ್ಥೆಗೂ ಸೇರದ ಸ್ವತಂತ್ರ ಸಂಶೋಧಕರಾದರೆ ಒಂಟಿ ಪ್ರಬಂಧ ತೆಗೆದುಕೊಳ್ಳುವ ಸಂಘಗಳೇ ವಾಸಿ, ಏಕೆಂದರೆ ಗೋಷ್ಠಿ ಕಟ್ಟುವುದಕ್ಕೆ ಬೇಕಾದ ಪರಿಚಯದ ಬಲ ನಿಮಗೆ ಇನ್ನೂ ಇರುವುದಿಲ್ಲ.

ಹಣ, ವೀಸಾ, ಅನುಮತಿ

ದಿನಾಂಕಗಳನ್ನು ಸಮ್ಮೇಳನದ ದಿನದಿಂದ ಹಿಂದಕ್ಕೆ ಎಣಿಸಿ. ಯುರೋಪಿನ ಬಹುತೇಕ ದೇಶಗಳಿಗೆ ಸಲ್ಲುವ ಶೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು ಹದಿನೈದು ದಿನ ಮೊದಲು. ಶುಲ್ಕ 2024ರ ಜೂನಿನಿಂದ 90 ಯೂರೋ, ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಅರ್ಜಿಯನ್ನು ಬೆಂಗಳೂರಿನಲ್ಲೇ ಕೊಡಬಹುದು. ಅಮೆರಿಕದ ಬಿ1 ವೀಸಾದ ಅರ್ಜಿ ಶುಲ್ಕ 185 ಡಾಲರ್. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ಆಗ ವೀಸಾ ಕೆಲಸ ಶುರುವಾಗಲಿಲ್ಲ, ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಓಡುವುದೇ ರೂಢಿ. ಸಂದರ್ಶನದ ದಿನಾಂಕ ತಿಂಗಳುಗಟ್ಟಲೆ ಮುಂದೆ ಹೋಗುವುದುಂಟು. ಆದ್ದರಿಂದ ಸಾರಲೇಖ ಒಪ್ಪಿಗೆಯಾದ ದಿನವೇ ಆಹ್ವಾನ ಪತ್ರ ಕೇಳಿ, ಅದು ಬಂದ ದಿನವೇ ಸ್ಲಾಟ್ ಹುಡುಕಿ. ನೋಂದಣಿ ಹಣ ಎಲ್ಲಿಯವರೆಗೆ ವಾಪಸ್ ಬರುತ್ತದೆ ಎಂಬ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಕೆಂಪು ಮಾಡಿ.

ಧನಸಹಾಯಕ್ಕೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಐಸಿಎಸ್‌ಎಸ್‌ಆರ್ ಕಡೆ ನೋಡುವುದಾದರೆ ನಿಮ್ಮ ವಿಷಯ ಸಮಾಜ ವಿಜ್ಞಾನದ ಚೌಕಟ್ಟಿನೊಳಗೆ ನಿಲ್ಲುತ್ತದೆ ಎಂದು ಅರ್ಜಿಯಲ್ಲೇ ತೋರಿಸಿ. "ಕಾವ್ಯದಲ್ಲಿ ಸ್ತ್ರೀ" ಅಲ್ಲಿ ಓಡುವುದಿಲ್ಲ, "ಪ್ರದರ್ಶನ ಕಲೆಯಲ್ಲಿ ಲಿಂಗತ್ವ ಮತ್ತು ದುಡಿಮೆ" ಓಡಬಹುದು. ಸಹೋದ್ಯೋಗಿಗಳು ಹೇಳುವ ಐಟಿಎಸ್ ಪ್ರಯಾಣ ಯೋಜನೆ ವಿಜ್ಞಾನ, ಎಂಜಿನಿಯರಿಂಗ್‌ನವರಿಗೆ, ನಿಮಗಲ್ಲ. ಸರ್ಕಾರಿ ಕಾಲೇಜಿನ ಅಧ್ಯಾಪಕರಿಗೆ ವಿದೇಶ ಪ್ರಯಾಣದ ನಿರಾಕ್ಷೇಪಣಾ ಪತ್ರ ಬೇಕು. ಅದು ಮೇಜಿನಿಂದ ಮೇಜಿಗೆ ಸರಿಯುವ ಕಾಲವನ್ನು ವೀಸಾದ ಕಾಲಕ್ಕೆ ಕೂಡಿಸಿಕೊಳ್ಳಿ. ಆನ್‌ಲೈನಿನಲ್ಲಿ ಮಂಡಿಸಿದ್ದನ್ನು "ವಿದೇಶದಲ್ಲಿ" ಎಂದು ಲೆಕ್ಕ ಹಿಡಿಯುತ್ತಾರೆಯೇ ಎಂದು ನಿಮ್ಮ ವಿಶ್ವವಿದ್ಯಾಲಯದಿಂದ ಬರಹದಲ್ಲೇ ತಿಳಿದುಕೊಳ್ಳಿ, ಬಾಯಿಮಾತು ಕಡತದಲ್ಲಿ ನಿಲ್ಲುವುದಿಲ್ಲ.

ಹಣಕ್ಕಾಗಿಯೇ ನಡೆಯುವವು

ಲಂಡನ್, ಪ್ಯಾರಿಸ್, ದುಬೈ, ಬ್ಯಾಂಕಾಕ್ ಹೆಸರು ಹೊತ್ತ, ಸಾಹಿತ್ಯದಿಂದ ನರ್ಸಿಂಗ್‌ವರೆಗೆ ಎಲ್ಲವನ್ನೂ ಒಂದೇ ಹೋಟೆಲಿನಲ್ಲಿ ಒಂದೇ ದಿನ ನಡೆಸುವ ಸಮ್ಮೇಳನಗಳಿವೆ. ಎಲ್ಲವೂ ಮೋಸವಲ್ಲ, ಆದರೆ ಪರೀಕ್ಷಿಸದೆ ಹೋಗಬೇಡಿ. ಹೈದರಾಬಾದ್ ಮೂಲದ ಒಮಿಕ್ಸ್ ಸಂಸ್ಥೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಪತ್ರಿಕೆಗಳ ಜೊತೆಗೆ ಸಮ್ಮೇಳನಗಳ ದೂರೂ ಇತ್ತು: ಒಪ್ಪಿಗೆ ಇಲ್ಲದೆಯೇ ಹೆಸರಾಂತ ವಿದ್ವಾಂಸರು ಭಾಗವಹಿಸುತ್ತಾರೆಂದು ಜಾಹೀರಾತು ಮಾಡಿದ್ದಾರೆ ಎಂಬುದು. 2019ರಲ್ಲಿ ನ್ಯಾಯಾಲಯ 5 ಕೋಟಿ ಡಾಲರ್‌ಗೂ ಮಿಕ್ಕಿ ಕಟ್ಟಬೇಕೆಂದು ಆದೇಶಿಸಿತು.

ಪರೀಕ್ಷೆ ಸುಲಭ. ಕಳೆದ ವರ್ಷದ ಕಾರ್ಯಕ್ರಮ ಪಟ್ಟಿ ಸಿಗಬೇಕು, ಅದರಲ್ಲಿ ಕೊಠಡಿ ಸಂಖ್ಯೆ ಮತ್ತು ಸಮಯ ಇರಬೇಕು, ಬರೀ ಫೋಟೋ ಸಾಲದು. ಸಲಹಾ ಸಮಿತಿಯಲ್ಲಿರುವ ಒಬ್ಬರಿಗೆ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೇ ಬರೆದು "ನೀವು ಈ ಸಮಿತಿಯಲ್ಲಿದ್ದೀರಾ" ಎಂದು ಕೇಳಿ. ಸಾರಲೇಖ ಕಳಿಸಿದ ಮರುದಿನವೇ ಒಪ್ಪಿಗೆ ಬಂದರೆ ಯಾರೂ ಓದಿಲ್ಲ. ಬಾರದೆಯೇ ಪ್ರಮಾಣಪತ್ರ ಪಡೆಯಲು ಬೇರೆ ದರ ಇದ್ದರೆ ಅಲ್ಲಿಗೆ ಮಾತು ಮುಗಿಯಿತು.

ಸಾರಲೇಖ, ಅಕ್ಷರ, ಗಡಿಯಾರ

ಸಮ್ಮೇಳನದ ಆಯ್ಕೆ ಮುಗಿದ ಮೇಲೆ ತಿರಸ್ಕಾರಕ್ಕೆ ಸಾಮಾನ್ಯ ಕಾರಣ ಸಾರಲೇಖದ ಮೊದಲ ವಾಕ್ಯ. "ಈ ಪ್ರಬಂಧವು ಯಕ್ಷಗಾನದಲ್ಲಿ ಮಹಿಳೆಯ ಚಿತ್ರಣವನ್ನು ಪರಿಶೀಲಿಸುತ್ತದೆ" ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಹೀಗೆ ಬರೆದು ನೋಡಿ: "ಇಡೀ ರಾತ್ರಿಯ ಆಟ ಕಾಲಮಿತಿ ಪ್ರದರ್ಶನವಾದಾಗ ಮೊದಲು ಕತ್ತರಿ ಬಿದ್ದದ್ದು ಸ್ತ್ರೀವೇಷದ ನಿಧಾನಗತಿಯ ಪದ್ಯಗಳಿಗೆ. ಎರಡು ಮೇಳಗಳ ಪ್ರಸಂಗ ಪ್ರತಿಗಳನ್ನು ಹೋಲಿಸಿ, ಈ ಕಡಿತ ಹೆಣ್ಣುಪಾತ್ರದ ಸ್ವರೂಪವನ್ನೇ ಬದಲಿಸಿತೆಂದು ಈ ಪ್ರಬಂಧ ವಾದಿಸುತ್ತದೆ." ಇದರಲ್ಲಿ ಒಂದು ವಾದವಿದೆ, ಆಕರವಿದೆ, ಯಾರಾದರೂ ಅಲ್ಲಗಳೆಯಬಹುದಾದ ಒಂದು ಮಾತಿದೆ. 250 ಪದದಲ್ಲಿ ಈ ಮೂರು ಇದ್ದರೆ ಸಾಕು, ಸಿದ್ಧಾಂತಕಾರರ ಹೆಸರಿನ ಮೆರವಣಿಗೆ ಬೇಡ.

ಕನ್ನಡದ ಸಂಘಟಕರು ಇಂದಿಗೂ "ನುಡಿ 01 ಇ, 14 ಗಾತ್ರ" ಎಂದು, ಯೂನಿಕೋಡ್ ಅಲ್ಲದ ಹಳೆಯ ಫಾಂಟನ್ನು ಕೇಳುತ್ತಾರೆ. ಅದೇ ಕಡತದಿಂದ ಕನ್ನಡ ಉದ್ಧರಣೆಗಳನ್ನು ನಕಲಿಸಿ ಹೊರದೇಶದ ಪೋರ್ಟಲಿಗೆ ಅಂಟಿಸಿದರೆ ಅಲ್ಲಿ ಕಾಣುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಮೊದಲಿನಿಂದಲೂ ಯೂನಿಕೋಡಿನಲ್ಲೇ ಬರೆದು, ಕೇಳಿದವರಿಗೆ ಕೊನೆಯಲ್ಲಿ ನುಡಿಗೆ ಪರಿವರ್ತಿಸಿ ಕೊಡಿ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ, ಜಾಗ ತಪ್ಪುವುದು ಅವೇ. ಜೊತೆಗೆ ಪಿಡಿಎಫ್ ಇಡಿ.

ಇಂಗ್ಲಿಷಿನಲ್ಲಿ ಇಪ್ಪತ್ತು ನಿಮಿಷಕ್ಕೆ 2,400 ಪದ ಮೀರಬಾರದು. ಕನ್ನಡದ ಪದ ಉದ್ದ, ವಿಭಕ್ತಿ ಪ್ರತ್ಯಯವೆಲ್ಲ ಅಂಟಿಕೊಂಡೇ ಬರುತ್ತದೆ, ಹಾಗಾಗಿ 1,600ರಿಂದ 1,700 ಪದಕ್ಕೇ ಗಂಟೆ ಬಾರಿಸುತ್ತದೆ. ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ಅಳೆಯಿರಿ. ಪರಿಚಯದ ಭಾಗ ಕೊಠಡಿಗೆ ತಕ್ಕಂತೆ ಹಿಗ್ಗಬೇಕು, ಕುಗ್ಗಬೇಕು: ಧಾರವಾಡದಲ್ಲಿ ಒಂದು ನಿಮಿಷ, ಮ್ಯಾಡಿಸನ್ನಿನಲ್ಲಿ ಮೂರು, ಎಸಿಎಲ್‌ಎಯಲ್ಲಿ ನಾಲ್ಕು. ವಿಡಿಯೋ ತೋರಿಸುವುದಾದರೆ ನಲವತ್ತು ಸೆಕೆಂಡಿನ ಒಂದೇ ತುಣುಕು, ಅದೂ ಲ್ಯಾಪ್‌ಟಾಪಿನಲ್ಲಿ ಇಳಿಸಿಟ್ಟದ್ದು. ಸಭಾಂಗಣದ ವೈಫೈ ನಂಬಿದವರ ಮಂಡನೆ ತಿರುಗುವ ಚಕ್ರದಲ್ಲೇ ಮುಗಿಯುತ್ತದೆ.

ಲಿಂಗತ್ವದ ಪ್ರಬಂಧಗಳಿಗೆ ವಿಶೇಷವಾಗಿ ಅನ್ವಯಿಸುವ ಒಂದು ಎಚ್ಚರವಿದೆ. ಈಗ ಬಹಳಷ್ಟು ಸಂಕಿರಣಗಳು ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುತ್ತವೆ. ಜೋಗತಿಯರ, ಲೈಂಗಿಕ ಅಲ್ಪಸಂಖ್ಯಾತರ, ಇನ್ನೂ ಮೇಳದಲ್ಲಿ ದುಡಿಯುತ್ತಿರುವ ಕಲಾವಿದರ ಸಂದರ್ಶನ ನಿಮ್ಮ ಆಕರವಾಗಿದ್ದರೆ, ಅವರು ನಿಮಗೆ ಕೊಟ್ಟ ಒಪ್ಪಿಗೆ ಒಂದು ಕೊಠಡಿಗಷ್ಟೇ, ಊರವರೂ ಯಜಮಾನರೂ ನೋಡುವ ಚಾನೆಲ್ಲಿಗಲ್ಲ. ಪ್ರಸಾರ ಇದೆಯೇ, ನಿಮ್ಮ ಭಾಗದಲ್ಲಿ ನಿಲ್ಲಿಸಲು ಸಾಧ್ಯವೇ ಎಂದು ಸಾರಲೇಖದ ಜೊತೆಗೇ ಕೇಳಿ. ಆಗದು ಎಂದರೆ ಹೆಸರು, ಊರು, ಮೇಳ ತೆಗೆದ ಇನ್ನೊಂದು ಪ್ರತಿಯನ್ನು ಓದಿ, ಮುಖ ಕಾಣುವ ಸ್ಲೈಡು ಬೇಡ.

ಒಪ್ಪಿಕೊಂಡ ಮೇಲೆ ಹೋಗಲಾಗದಿದ್ದರೆ ಗೋಷ್ಠಿಯ ಅಧ್ಯಕ್ಷರಿಗೂ ಸಂಘಟಕರಿಗೂ ಇಬ್ಬರಿಗೂ ಬರೆಯಿರಿ. ಒಬ್ಬರಿಗೆ ಬರೆದದ್ದು ಇನ್ನೊಬ್ಬರಿಗೆ ತಲುಪುವುದಿಲ್ಲ. ಎಂಎಲ್‌ಎಯಂಥ ಕಡೆ ಮೂರೇ ಪ್ರಬಂಧದ ಗೋಷ್ಠಿಯಲ್ಲಿ ಒಬ್ಬರು ತಪ್ಪಿದರೆ ಉಳಿದಿಬ್ಬರ ಕೊಠಡಿಯೂ ಖಾಲಿ ಖಾಲಿ. ಆರು ವಾರ ಮೊದಲು ತಿಳಿಸಿದರೆ ಕಾಯುವ ಪಟ್ಟಿಯಿಂದ ಯಾರನ್ನಾದರೂ ಕರೆಸಿಕೊಳ್ಳಲು ಅವರಿಗೆ ಸಮಯ ಸಿಗುತ್ತದೆ. ಆನ್‌ಲೈನಿನಲ್ಲಿ ಓದಲು ಬಿಡುತ್ತೀರಾ ಎಂದು ಕೇಳುವುದಿದ್ದರೆ ಅದನ್ನೂ ಅದೇ ಪತ್ರದಲ್ಲೇ ಕೇಳಿ.